ನಗದು ಹಣವೂ ರಾಜಧರ್ಮವೂ

ಹಣವು ಯಾರ ಸೊತ್ತು? ಗಳಿಸಿದವನದೆಂದು ಬಾಲಕನೂ ಹೇಳುವನು. ಆದರೆ ಬೇಕಾದಾಗ ಕೈಗೆ ಬಾರದ ಹಣವು ಅಜಾಗಲಸ್ತನದಂತೆ. ಕಣ್ಣಿಗೆ ಕಾಣುವುದಲ್ಲದೆ ಹಾಲನ್ನು ಕೊಡದು.

ರಾಮನಗರದ ಮಾರುಕಟ್ಟೆಯಲ್ಲಿ ಮಾರಿದ ರೇಷ್ಮೆಗೂಡಿನ ಬೆಲೆಯು ಈಗ ರೈತನ ಬ್ಯಾಂಕಿನ ಖಾತೆಯನ್ನು ಸೇರುವುದು. ಲೆಕ್ಕವು ಚೊಕ್ಕಟವಾಯಿತು, ದಾರಿಗಳ್ಳರ ಭಯವೂ ತಪ್ಪಿತು. ಈ ಪೂರ್ವಪಕ್ಷವು ಅಲ್ಲಗಳೆಯತಕ್ಕುದಲ್ಲ. ಆದರೆ ಹಿಪ್ಪುನೇರಳೆಯ ಸೊಪ್ಪು ಕೊಯ್ದ ಆಳಿಗೆ ಸಂಜೆ ಕೂಲಿಯನ್ನು ಕೊಡಬೇಡವೆ?

ಮಾಗಡಿಯ ಕಡೆಯ ಮುದುಕಿಯೊಬ್ಬಳು ಪಿಂಚಣಿಗಾಗಿ ಹಣದ ಯಂತ್ರದ ಬಳಿಗೆ ಮೂರು ದಿನ ಬಂದು ಬರಿಗೈಯಲ್ಲಿ ಮರಳಿದುದನ್ನು ನಾನು ಕಂಡಿದ್ದೇನೆ. ಮೂರನೆಯ ದಿನ ಆಕೆ ತಲೆತಗ್ಗಿಸಿ ನನ್ನಲ್ಲಿ ಕೈಗಡ ಕೇಳಿದಳು. ವಾರದೊಳಗೆ ಹಿಂದಿರುಗಿಸಿದಳು, ನಿಜ. ಆದರೆ ತನ್ನ ಹಣವಿದ್ದೂ ಸಾಲಗಾರಳಾದ ಆ ಲಜ್ಜೆಯನ್ನು ತೀರಿಸುವವರಾರು?

ಒಂದು ತಿಂಗಳಲ್ಲಿ ಒಟ್ಟು 10 ಗಂಟೆಗಳಿಗೂ ಮೀರಿ ಬರಿದಾಗಿದ್ದ ಪ್ರತಿಯೊಂದು ಯಂತ್ರಕ್ಕೂ 10,000 ರೂಪಾಯಿ ದಂಡವೆಂಬ ನಿಯಮವನ್ನು ರಿಸರ್ವ್ ಬ್ಯಾಂಕು 2021ರ ಅಕ್ಟೋಬರ್ 1ರಿಂದ ಜಾರಿಗೆ ತಂದಿತು. ನೋಟಿನ ಬಳಕೆ ತೀರ ಕುಗ್ಗಿದ ಸ್ವೀಡನ್ ದೇಶವೂ ದೊಡ್ಡ ಬ್ಯಾಂಕುಗಳು ನಗದನ್ನು ಒದಗಿಸಲೇಬೇಕೆಂದು 2021ರಿಂದ ಕಾನೂನಿನ ಮೂಲಕ ವಿಧಿಸಿತು.

ಲಾಭವಿಲ್ಲದೆಡೆ ಯಂತ್ರವನ್ನು ತುಂಬೆಂದು ವರ್ತಕನನ್ನು ಬಲಾತ್ಕರಿಸುವುದು ನ್ಯಾಯವೇ ಎಂದು ಕೆಲವರು ಕೇಳಬಹುದು. ನೋಟಿನ ಮೇಲೆ ಗವರ್ನರರ ವಾಗ್ದಾನವು ಅಚ್ಚಾಗಿದೆ. ಮಾತು ಕೊಟ್ಟವನು ಅದು ನಡೆಯುವ ದಾರಿಯನ್ನೂ ಕಾಯಬೇಕು; ಜನರ ಹಣವನ್ನು ಇಟ್ಟುಕೊಂಡವನು ಆ ಭಾರದಲ್ಲಿ ಪಾಲುಗೊಳ್ಳಬೇಕು. ದಂಡದ ಉದ್ದೇಶವು ಬೊಕ್ಕಸವನ್ನು ತುಂಬುವುದಲ್ಲ, ಆ ಮುದುಕಿಯು ತಲೆತಗ್ಗಿಸದಂತೆ ನೋಡಿಕೊಳ್ಳುವುದು.