ಸಂಗ್ರಹವೂ ಪರಿಗ್ರಹವೂ

ಮನುಷ್ಯನಿಗೂ ಅವನ ಮನೆಯ ವಸ್ತುಗಳಿಗೂ ಇರುವ ಸಂಬಂಧವು ಮೂರು ಬಗೆಯದು. ಕೆಲವನ್ನು ಅವನು ಬಳಸುತ್ತಾನೆ. ಕೆಲವನ್ನು ನೋಡಿ ಸಂತೋಷಪಡುತ್ತಾನೆ. ಕೆಲವನ್ನು ನೆನಪಿಗಾಗಿ ಕಾಪಾಡುತ್ತಾನೆ. ನಮ್ಮ ಹಿರಿಯರ ಮನೆಗಳಲ್ಲಿ ಈ ಮೂರೂ ಬೇರೆಬೇರೆಯಾಗಿರಲಿಲ್ಲ. ದೇವರ ಮುಂದಣ ತೂಗುದೀಪವು ಬೆಳಕನ್ನು ಕೊಡುತ್ತಿತ್ತು. ಸರಪಣಿಯ ನಡುವೆ ಕುಳಿತ ಕಂಚಿನ ಹಕ್ಕಿಯು ಕಣ್ಣಿಗೆ ಹಿತವಾಗಿತ್ತು. ಅದನ್ನು ಮಾಡಿಸಿ ತಂದ ಹಿರಿಯನ ಹೆಸರು ಅದರ ಜೊತೆಗೇ ಉಳಿದು ಬರುತ್ತಿತ್ತು. ಅಡಕೊತ್ತಿಗೆ ಗಿಳಿಯ ರೂಪವನ್ನು ಕೊಟ್ಟ ಕುಶಲಿಯು ಅಡಕೆಯನ್ನು ಕತ್ತರಿಸುವ ಕೆಲಸ ಬೇರೆ, ಅಂದ ಬೇರೆ ಎಂದು ಎಣಿಸಿದವನಲ್ಲ.

ಇಂದು ಈ ಮೂರು ಗುಣಗಳು ಒಂದನ್ನೊಂದು ಅಗಲಿವೆ. ನಗರದ ಮನೆಗಳಲ್ಲಿ ಸ್ನಾನದ ನೀರು ಕಾಸುತ್ತಿದ್ದ ತಾಮ್ರದ ಹಂಡೆಯು ಗಿಡದ ಕುಂಡವಾಗಿದೆ. ಪಾಯಸ ಕಾಯುತ್ತಿದ್ದ ಉರುಳಿಯಲ್ಲಿ ಹೂವಿನ ದಳಗಳು ತೇಲುತ್ತಿವೆ. ಹಳೆಯ ಬಾಗಿಲು ಗಾಜನ್ನು ಹೊದ್ದು ಮೇಜಾಗಿದೆ. ಅಕ್ಕಿ ಅಳೆಯುತ್ತಿದ್ದ ಪಾವು ಲೇಖನಿಗಳನ್ನು ಹಿಡಿದು ನಿಂತಿದೆ. ಇದನ್ನು ಕೆಲವರು ಸಂಸ್ಕೃತಿಯ ಉದ್ಧಾರವೆನ್ನುತ್ತಾರೆ. ಕೆಲವರು ಹಣವಂತರ ಆಟವೆನ್ನುತ್ತಾರೆ. ಇವೆರಡರಲ್ಲಿ ಯಾವುದು ಸರಿ, ಎಷ್ಟರ ಮಟ್ಟಿಗೆ ಸರಿ ಎಂಬುದು ಇಲ್ಲಿ ವಿಚಾರಣೀಯವಾದ ವಿಷಯ.

ಮೊದಲು, ಈ ವಸ್ತುಗಳು ತಮ್ಮ ನೆಲೆಯನ್ನು ಬಿಟ್ಟುದು ಹೇಗೆಂಬುದನ್ನು ನೋಡಬೇಕು. ಅವುಗಳನ್ನು ಯಾರೂ ದ್ವೇಷದಿಂದ ಹೊರಹಾಕಲಿಲ್ಲ. 1956ರ ಅಳತೆ-ತೂಕಗಳ ಶಾಸನವು ಮೆಟ್ರಿಕ್ ಪದ್ಧತಿಗೆ ದಾರಿಮಾಡಿತು; ಸೇರು, ಪಾವು, ಚಟಾಕುಗಳು ಕ್ರಮೇಣ ಅಂಗಡಿಯಿಂದ ಅಟ್ಟಕ್ಕೆ ಏರಿದುವು. ಉಕ್ಕಿನ ಪಾತ್ರೆ ಬಂದಮೇಲೆ ಹುಣಿಸೆಹಣ್ಣು ಹಾಕಿ ಹಿತ್ತಾಳೆಯನ್ನು ಬೆಳಗುವ ಶ್ರಮವೂ, ಕಲಾಯಿಗಾರನ ದಾರಿ ಕಾಯುವ ಕಷ್ಟವೂ ಹೆಂಗಸರಿಗೆ ತಪ್ಪಿದುವು. ಕರ್ನಾಟಕದಲ್ಲಿ 1974ರ ಭೂಸುಧಾರಣೆಯಿಂದ ಗೇಣಿಯ ಆದಾಯವು ನಿಂತಿತು. ಉಳುವವನಿಗೆ ಅದು ಸಲ್ಲಬೇಕಾದ ನ್ಯಾಯವೇ ಆಗಿದ್ದಿತು. ಆದರೆ ಗೇಣಿಯನ್ನು ನಂಬಿದ್ದ ದೊಡ್ಡ ಮನೆಗಳಿಗೆ ಮಾಡಿನ ಹೆಂಚನ್ನು ಕೈಯಾಡಿಸುವ ಶಕ್ತಿಯೂ ಉಳಿಯಲಿಲ್ಲ. ಮಕ್ಕಳು ಪಟ್ಟಣ ಸೇರಿದರು; ಮನೆ ಪಾಲಾಯಿತು; ಕಂಬಗಳೂ ಬಾಗಿಲುವಾಡಗಳೂ ಮಾರಾಟಕ್ಕೆ ಬಂದುವು. ಆದುದರಿಂದ ಹಳೆಯದೆಲ್ಲ ಹೋದುದು ಅನ್ಯಾಯದಿಂದಲೇ ಎಂದು ಮರುಗುವುದು ಸತ್ಯಕ್ಕೆ ದೂರ. ಒಳ್ಳೆಯ ಕಾರಣಗಳಿಂದಲೂ ಒಳ್ಳೆಯ ವಸ್ತುಗಳು ನಿರಾಶ್ರಿತವಾಗುತ್ತವೆ.

ಇಲ್ಲಿ ಒಂದು ಪೂರ್ವಪಕ್ಷ ಏಳುತ್ತದೆ. ಬಳಕೆಯೇ ಪಾತ್ರೆಯ ಪ್ರಾಣ, ಬಳಕೆಯಿಲ್ಲದೆ ಮೂಲೆಯಲ್ಲಿ ನಿಂತ ಹಂಡೆಯು ಹಂಡೆಯ ಶವ, ಶವಕ್ಕೆ ಶೃಂಗಾರವೇಕೆ? ಈ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಜಪಾನಿನ ಯನಾಗಿ ಸೊಎತ್ಸು ಎಂಬ ವಿಚಾರವಂತರು, ಹೆಸರು ತಿಳಿಯದ ಕುಶಲಕರ್ಮಿಗಳು ನಿತ್ಯದ ಬಳಕೆಗಾಗಿ ಮಾಡಿದ ಬಟ್ಟಲು ಬೋಗುಣಿಗಳಲ್ಲಿಯೇ ನಿಜವಾದ ಸೌಂದರ್ಯವನ್ನು ಕಂಡರು. ಆ ಸೌಂದರ್ಯವು ಬಳಕೆಯಿಂದ ಹುಟ್ಟುವುದೆಂದು ಪ್ರತಿಪಾದಿಸಿದರು. ಆದರೆ ಅದೇ ಯನಾಗಿಯವರು 1936ರಲ್ಲಿ ಟೋಕಿಯೋ ನಗರದಲ್ಲಿ ಅಂತಹ ವಸ್ತುಗಳಿಗೊಂದು ಸಂಗ್ರಹಾಲಯವನ್ನು ತೆರೆದರೆಂಬುದನ್ನೂ ಮರೆಯಬಾರದು. ಬಳಕೆಯು ನಿಂತುಹೋದಾಗ ನಮ್ಮ ಮುಂದಿರುವ ಆಯ್ಕೆಯು ಬಳಕೆಗೂ ಪ್ರದರ್ಶನಕ್ಕೂ ನಡುವಣದಲ್ಲ. ಪ್ರದರ್ಶನಕ್ಕೂ ಕುಲುಮೆಗೂ ನಡುವಣದು. ಹಳೆಯ ಹಿತ್ತಾಳೆಯನ್ನು ತೂಕಕ್ಕೆ ಕೊಂಡವನು ಅದನ್ನು ಕರಗಿಸುತ್ತಾನೆ. ಕರಗಿದ ಮೇಲೆ ದೀಪದ ಹಕ್ಕಿಗೂ ಮುರುಕು ಸೌಟಿಗೂ ಭೇದವಿಲ್ಲ.

ಈ ಕುಲುಮೆಯಿಂದ ತಪ್ಪಿಸಿದವರು ನಮಗೆ ಉಪಕಾರಿಗಳು. ಪುಣೆಯಲ್ಲಿ ದಿನಕರ ಕೇಳಕರರು 1920ರ ಸುಮಾರಿಗೆ ದೀಪ, ಅಡಕೊತ್ತು, ಮಸಿಕುಡಿಕೆ ಮುಂತಾದ ಗೃಹಸಾಮಗ್ರಿಗಳನ್ನು ಕೂಡಿಸತೊಡಗಿದರು. ಬಾಲ್ಯದಲ್ಲಿಯೇ ತೀರಿಕೊಂಡ ತಮ್ಮ ಮಗ ರಾಜಾನ ಹೆಸರನ್ನು ಆ ಸಂಗ್ರಹಕ್ಕಿಟ್ಟು, 1975ರಲ್ಲಿ ಅದನ್ನು ಮಹಾರಾಷ್ಟ್ರ ಸರ್ಕಾರಕ್ಕೆ ಒಪ್ಪಿಸಿದರು. ನಮ್ಮ ಮಣಿಪಾಲದಲ್ಲಿ, 2017ರಲ್ಲಿ ದಿವಂಗತರಾದ ವಿಜಯನಾಥ ಶೆಣೈಯವರು ಬಿಡಿವಸ್ತುಗಳಿಗೆ ತೃಪ್ತರಾಗದೆ ಮನೆಗೆ ಮನೆಯನ್ನೇ ಬಿಚ್ಚಿ ತಂದು ನಿಲ್ಲಿಸಿದರು. ಕುಂಜೂರಿನ ಚೌಕಿಮನೆಯಲ್ಲಿ ಕಂಬವು ಕಂಬದ ಸ್ಥಾನದಲ್ಲಿದೆ, ಬಾಗಿಲು ಬಾಗಿಲಿನ ಸ್ಥಾನದಲ್ಲಿದೆ. ವಸ್ತುವಿಗೆ ಅದರ ನೆರೆಹೊರೆಯನ್ನೂ ಉಳಿಸಿಕೊಡುವ ಈ ಕ್ರಮವು ಸಂಗ್ರಹದ ಉತ್ತಮವಾದ ಮಾದರಿ.

ಹಾಗಾದರೆ ಸಂಗ್ರಹವೆಲ್ಲವೂ ಪುಣ್ಯವೇ? ಅಲ್ಲ. ಸಂಗ್ರಹವೆಂಬ ಮಾತಿನ ಪಕ್ಕದಲ್ಲಿಯೇ ಪರಿಗ್ರಹವೆಂಬ ಇನ್ನೊಂದು ಮಾತು ನಿಂತಿದೆ. ಪಾತಂಜಲಯೋಗದ ಐದು ಯಮಗಳಲ್ಲಿ ಅಪರಿಗ್ರಹವು ಒಂದು. ಜೈನರ ಐದು ವ್ರತಗಳಲ್ಲಿಯೂ ಅದು ಒಂದು. ಪರಿಗ್ರಹವೆಂದರೇನೆಂಬುದಕ್ಕೆ ತತ್ತ್ವಾರ್ಥಸೂತ್ರವು ಕೊಡುವ ಲಕ್ಷಣವು ಬಹು ಸೂಕ್ಷ್ಮವಾದುದು: ಅದು ವಸ್ತುವಿನ ರಾಶಿಯನ್ನು ಹೇಳುವುದಿಲ್ಲ, ಮನಸ್ಸಿನ ಮೂರ್ಛೆಯನ್ನು ಹೇಳುತ್ತದೆ. ಸಾವಿರ ದೀಪಗಳನ್ನು ಕೂಡಿಸಿ ಊರಿಗೆ ಒಪ್ಪಿಸಿದವನು ಅಪರಿಗ್ರಹಿಯಾಗಿರಬಹುದು. ಒಂದೇ ಗಿಂಡಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಬಂದವರ ಕಣ್ಣಿನಲ್ಲಿ ಅಸೂಯೆಯನ್ನು ಹುಡುಕುವವನು ಮೂರ್ಛಿತನಾಗಿರಬಹುದು. ಇದನ್ನು ಹೊರಗಿನವರು ಅಳೆಯಲಾರರು. ಆದರೆ ಮೂರು ಪ್ರಶ್ನೆಗಳಿಂದ ತನ್ನನ್ನು ತಾನು ಪರೀಕ್ಷಿಸಿಕೊಳ್ಳುವುದು ಪ್ರತಿಯೊಬ್ಬನಿಗೂ ಸಾಧ್ಯ.

ಮೊದಲನೆಯದು, ವಸ್ತುವು ಬಂದ ದಾರಿ. ಮನುಸ್ಮೃತಿಯು ಎಣಿಸುವ 18 ವ್ಯವಹಾರಪದಗಳಲ್ಲಿ ಅಸ್ವಾಮಿವಿಕ್ರಯವು ಮೂರನೆಯದು. ಒಡೆಯನಲ್ಲದವನು ಮಾರಿದ್ದು ಮಾರಾಟವೇ ಅಲ್ಲ. ಗುಡಿಯ ದೀಪವನ್ನು ಕದ್ದು ತಂದವನಿಂದ ಕೊಂಡವನು, ಹಣ ಕೊಟ್ಟೆನೆಂಬ ಒಂದೇ ಕಾರಣದಿಂದ ಶುದ್ಧನಾಗಲಾರನು. 1972ರ ಪ್ರಾಚ್ಯವಸ್ತುಗಳ ಶಾಸನದಂತೆ ನೂರು ವರ್ಷ ದಾಟಿದ ಕಲಾವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಅವನ್ನು ಹೊರದೇಶಕ್ಕೆ ಕಳುಹಿಸುವಂತಿಲ್ಲ. ಶಾಸನವು ಹೇಳುವುದು ಇಷ್ಟು.

ಆದರೆ ಶಾಸನವು ಮುಟ್ಟದ ಒಂದು ಎಡೆಯಿದೆ. ಕಷ್ಟಕ್ಕೆ ಸಿಕ್ಕಿದ ವಿಧವೆಯೊಬ್ಬಳು ಅಟ್ಟದ ಮೇಲಣ ಕಪ್ಪುಹಿಡಿದ ಹೂಜಿಯನ್ನು ಹಳೆಯ ತಗಡೆಂದು ಭಾವಿಸಿ ಮಾರಲು ತರುತ್ತಾಳೆ. ಅದು ಬೆಳ್ಳಿ ಕೂರಿಸಿದ ಬಿದರಿಯ ಕೆಲಸವೆಂದು ಕೊಳ್ಳುವವನು ಬಲ್ಲನು. ಹೇಳಬೇಕೇ, ಬೇಡವೇ? ಈ ಪ್ರಶ್ನೆ ಹೊಸದಲ್ಲ. ರೋಮಿನ ಸಿಸಿರೋ ತನ್ನ ಕರ್ತವ್ಯವಿಚಾರದ ಗ್ರಂಥದ ಮೂರನೆಯ ಭಾಗದಲ್ಲಿ ಇದನ್ನೇ ಎತ್ತಿದ್ದಾನೆ: ಚಿನ್ನವನ್ನು ಹಿತ್ತಾಳೆಯಂಥ ಲೋಹವೆಂದು ತಿಳಿದು ಒಬ್ಬನು ಮಾರುತ್ತಿದ್ದರೆ, ಸಜ್ಜನನು ಅದು ಚಿನ್ನವೆಂದು ತಿಳಿಸಬೇಕೋ, ಸಾವಿರದ ಸೊತ್ತನ್ನು ಒಂದು ನಾಣ್ಯಕ್ಕೆ ಕೊಳ್ಳಬೇಕೋ? ವ್ಯಾಪಾರದಲ್ಲಿ ಬಾಯಿಬಿಡದೆ ಇರುವುದು ಮೋಸವಲ್ಲವೆಂದು ವಾದಿಸುವವರು ಅಂದೂ ಇದ್ದರು. ಆದರೆ ತನ್ನ ಲಾಭಕ್ಕಾಗಿ, ಇನ್ನೊಬ್ಬನು ತಿಳಿಯಬೇಕಾದುದನ್ನು ತಿಳಿಯದಂತೆ ಇಡುವುದು ಸಜ್ಜನನ ನಡತೆಯಲ್ಲವೆಂಬುದು ಸಿಸಿರೋವಿನ ಒಲವು. ಅವನು ಸ್ಕೀವೊಲಾ ಎಂಬಾತನ ದೃಷ್ಟಾಂತವನ್ನು ಕೊಡುತ್ತಾನೆ. ಹೊಲವನ್ನು ಕೊಳ್ಳಲು ಹೋದ ಆತನು, ಮಾರುವವನು ಹೇಳಿದ ಬೆಲೆ ಕಡಿಮೆಯಾಯಿತೆಂದು ತಾನಾಗಿಯೇ ಒಂದು ಲಕ್ಷ ನಾಣ್ಯಗಳನ್ನು ಹೆಚ್ಚಿಗೆ ಕೊಟ್ಟನಂತೆ.

ಪ್ರಾಚೀನವಸ್ತುಗಳ ರಸಿಕರೆಲ್ಲರೂ ಸ್ಕೀವೊಲಾನಂತೆ ಆಗಬೇಕೆಂಬುದು ಹೆಚ್ಚಿನ ನಿರೀಕ್ಷೆಯಾದೀತು. ಆದರೆ ಒಂದು ಮಾತನ್ನು ಹೇಳಬಹುದು. ಎದುರಿನವನ ಅಜ್ಞಾನವನ್ನು ಬೆಲೆಯಲ್ಲಿ ಕಳೆದುಕೊಂಡು ಕೊಂಡ ವಸ್ತುವನ್ನು ಮನೆಗೆ ತಂದು, ನಾನು ಪರಂಪರೆಯನ್ನು ರಕ್ಷಿಸಿದೆನೆಂದು ಹೇಳಿಕೊಳ್ಳುವವನು ಪರಂಪರೆಯ ವಸ್ತುವನ್ನು ಉಳಿಸಿ, ಪರಂಪರೆಯ ಧರ್ಮವನ್ನು ಮಾರಿದ್ದಾನೆ. ಬೆಲೆಯಲ್ಲಿ ಚೌಕಾಸಿ ತಪ್ಪಲ್ಲ. ತಿಳಿಯದವನೊಡನೆ ಚೌಕಾಸಿ ತಪ್ಪು.

ಎರಡನೆಯದು, ವಸ್ತುವಿನ ಶರೀರವನ್ನು ನಡೆಸಿಕೊಳ್ಳುವ ಬಗೆ. ಬಿದರಿಯ ಪಾತ್ರೆಯು ಸತುವೇ ಹೆಚ್ಚಾಗಿ, ತಾಮ್ರವು ಸ್ವಲ್ಪವಾಗಿ ಬೆರೆತ ಲೋಹದಿಂದ ಆಗುವುದು. ಬೆಳ್ಳಿಯನ್ನು ಕೂರಿಸಿದಮೇಲೆ ಬೀದರ ಕೋಟೆಯ ಮಣ್ಣನ್ನೂ ನವಸಾಗರವನ್ನೂ ಕೂಡಿಸಿದ ನೀರಿನಿಂದ ಅದರ ಮೈಗೆ ಕಪ್ಪನ್ನು ಬರಿಸುತ್ತಾರೆ. ಬೆಳ್ಳಿಯು ಬಿಳುಪಾಗಿಯೇ ನಿಲ್ಲುತ್ತದೆ. ಇದನ್ನರಿಯದವನು ಕಪ್ಪೆಲ್ಲ ಕೊಳೆಯೆಂದು ತಿಳಿದು ಒರಟು ಪುಡಿಯಿಂದ ಉಜ್ಜಿದರೆ, ಮಾಡಿದವನ ಕೆಲಸವೇ ಅಳಿದುಹೋಗುವುದು. ದೀಪಕ್ಕೆ ತಂತಿ ಹಾಯಿಸಲು ರಂಧ್ರ ಕೊರೆಯುವುದು, ಅಳತೆಗೆ ಹೊಂದಲಿಲ್ಲವೆಂದು ಬಾಗಿಲುವಾಡವನ್ನು ಕೊಯ್ಯುವುದು, ಹೊಸದಕ್ಕೆ ಹಳತಿನ ಬಣ್ಣ ಬಳಿದು ಮಾರುವುದು, ಇವೆಲ್ಲ ಒಂದೇ ಜಾತಿಯ ಅಪಚಾರಗಳು. ಹಂಡೆಯಲ್ಲಿ ಗಿಡ ನೆಡುವುದೇ ದೊಡ್ಡ ದೋಷವಲ್ಲ; ಗಿಡಕ್ಕಾಗಿ ಹಂಡೆಯ ತಳಕ್ಕೆ ತೂತು ಮಾಡುವುದು ದೋಷ. ಮೊದಲನೆಯದನ್ನು ನಾಳೆ ಹಿಂದಕ್ಕೆ ತೆಗೆದುಕೊಳ್ಳಬಹುದು, ಎರಡನೆಯದನ್ನು ತೆಗೆದುಕೊಳ್ಳಲಾಗದು. ಅಲಂಕಾರ ಮಾಡುವವರಿಗೆ ಇದಕ್ಕಿಂತ ಸುಲಭವಾದ ನಿಯಮವು ಬೇರೆ ಬೇಕಿಲ್ಲ.

ಮೂರನೆಯದು, ವಸ್ತುವಿನ ಹೆಸರು. ನಮ್ಮ ಕಡೆ ಪಾತ್ರೆಗೆ ಹೆಸರು ಹಾಕಿಸುವ ಪದ್ಧತಿಯುಂಟು. ಮದುವೆಯ ಉಡುಗೊರೆಯ ಕೊಡದ ಕಂಠದಲ್ಲಿ ಕೊಟ್ಟವರ ಹೆಸರು, ಊರು, ಕೆಲವೊಮ್ಮೆ ತಾರೀಖು ಚುಕ್ಕಿಚುಕ್ಕಿಯಾಗಿ ಮೂಡಿರುತ್ತವೆ. ಅಪರಿಚಿತಳಾದ ಒಬ್ಬ ಹೆಣ್ಣುಮಗಳ ತವರಿನ ಪ್ರೀತಿಯು ಇಂದು ಇನ್ನೊಬ್ಬರ ಮೊಗಸಾಲೆಯ ಶೋಭೆಯಾಗಿ ನಿಂತಿದೆ. ಆ ಅಕ್ಷರಗಳನ್ನು ಉಜ್ಜಿ ಅಳಿಸುವವರುಂಟು. ಗೋಡೆಯ ಕಡೆಗೆ ತಿರುಗಿಸಿ ಇಡುವವರುಂಟು. ಅವುಗಳನ್ನು ಓದಿ, ಎಲ್ಲಿಂದ ಬಂತು, ಯಾರ ಮನೆಯದು, ಏನಕ್ಕೆ ಬಳಸುತ್ತಿದ್ದರು ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟರೆ ಎಷ್ಟು ಶ್ರಮ? ಚೀಟಿಯಿಲ್ಲದ ಪುರಾತನವಸ್ತುವು ಅಂದವಾದ ಮೂಕನಂತೆ. ಮನೆಯ ಮಕ್ಕಳಿಗೆ ಪಾವು ಎಷ್ಟು ಅಕ್ಕಿ ಹಿಡಿಯುವುದೆಂದು ಅಳೆದು ತೋರಿಸಿದರೆ, ಹಬ್ಬದ ದಿನ ತೂಗುದೀಪಕ್ಕೆ ಎಣ್ಣೆ ಬತ್ತಿ ಹಾಕಿ ಹೊತ್ತಿಸಿದರೆ, ಪೂರ್ವಪಕ್ಷಿಯು ಶವವೆಂದದ್ದು ಆ ಹೊತ್ತಿಗಾದರೂ ಎದ್ದು ಕುಳಿತುಕೊಳ್ಳುವುದು.

ಈ ಮೂರು ಪ್ರಶ್ನೆಗಳ ಹಿಂದೆ ಇರುವ ತತ್ತ್ವವು ಒಂದೇ. ಮೇಲೆ ಹೇಳಿದ 18 ವ್ಯವಹಾರಪದಗಳಲ್ಲಿ ಎರಡನೆಯದು ನಿಕ್ಷೇಪ, ಎಂದರೆ ನಂಬಿ ಒಪ್ಪಿಸಿದ ಇಡುಗಂಟು. ಇಡುಗಂಟನ್ನು ಪಡೆದವನು ಇಟ್ಟಂತೆಯೇ ಹಿಂದಿರುಗಿಸಬೇಕು. ಹಳೆಯ ವಸ್ತುವಿನ ಒಡೆಯನು ವಾಸ್ತವವಾಗಿ ಒಡೆಯನಲ್ಲ, ಇಡುಗಂಟಿನ ಕಾವಲುಗಾರ. ಇಟ್ಟವರು ತೀರಿಕೊಂಡಿದ್ದಾರೆ, ಹಿಂದಕ್ಕೆ ಪಡೆಯಬೇಕಾದವರು ಇನ್ನೂ ಹುಟ್ಟಿಲ್ಲ. ಆದುದರಿಂದಲೇ ಕಾವಲುಗಾರನ ಹೊಣೆ ಹೆಚ್ಚು, ಏಕೆಂದರೆ ಕೇಳುವವರಿಲ್ಲ. ಕೇಳುವವರಿಲ್ಲದ ಕಡೆ ಸರಿಯಾಗಿ ನಡೆದುಕೊಳ್ಳುವುದಕ್ಕೇ ಧರ್ಮವೆಂದು ಹೆಸರು. ಕೊಂಡ ದಿನವೇ ಇದನ್ನು ಮುಂದೆ ಯಾರಿಗೆ ಒಪ್ಪಿಸಲಿ ಎಂದು ಯೋಚಿಸಬಲ್ಲವನದು ಸಂಗ್ರಹ. ಆ ಯೋಚನೆಯನ್ನೇ ಸಹಿಸಲಾರದವನದು ಪರಿಗ್ರಹ.