ಚಿಕ್ಕಜಾಜೂರಿನ ಸ್ಟೇಷನ್, ಜೇಬಿನ ಸ್ಟೇಷನ್

ಪದಕ್ಕೂ ಅರ್ಥಕ್ಕೂ ಇರುವ ನಂಟು ಹುಟ್ಟಿನಿಂದ ಬಂದದ್ದೋ, ಆಮೇಲೆ ಗೊತ್ತುಮಾಡಿಕೊಂಡದ್ದೋ ಎಂಬುದು ಭಾರತೀಯ ದರ್ಶನಗಳ ಹಳೆಯ ವಾದ. ಮೀಮಾಂಸಕರಿಗೆ ಆ ನಂಟು ನಿತ್ಯ. ನೈಯಾಯಿಕರಿಗೆ ಅದು ಸಂಕೇತ. ಸಂಕೇತ ಈಶ್ವರನದಾದರೆ ಶಕ್ತಿ, ಶಾಸ್ತ್ರಕಾರರು ಮಾಡಿಕೊಂಡದ್ದಾದರೆ ಪರಿಭಾಷೆ.

ದಿನಬಳಕೆಯ ಮಾತಿನಲ್ಲಿ ಈ ಸಂಕೇತ ಸಡಿಲ. ಹಿರಿಯೂರಿನ ಬಳಿ ವೇದಾವತಿ ನದಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ಜಲಾಶಯಕ್ಕೆ ಕಾಗದಪತ್ರಗಳಲ್ಲಿ ವಾಣಿವಿಲಾಸ ಸಾಗರ ಎಂದು ಹೆಸರು, ಜನರ ಬಾಯಲ್ಲಿ ಮಾರಿಕಣಿವೆ. ಹೊಸದುರ್ಗದ ಕಡೆಯವರಿಗೆ ಅದೇ ನೀರು ಹಿನ್ನೀರು. ಇದರಿಂದ ಯಾರೂ ದಾರಿ ತಪ್ಪುವುದಿಲ್ಲ, ಕೇಳುವವರಿಗೆ ಸಂದರ್ಭ ಗೊತ್ತಿರುತ್ತದೆ. ಸಾಫ್ಟ್‌ವೇರ್‌ನಲ್ಲಿ ಈ ಸಲಿಗೆ ನಡೆಯದು. ಕೋಡ್ ಬರೆದವರು ಒಂದೂರಿನಲ್ಲಿ, ತಿದ್ದುವವರು ಇನ್ನೊಂದೂರಿನಲ್ಲಿ. ನಡುವೆ ಉಳಿಯುವುದು ಪದ ಮಾತ್ರ.

ವೈರ್‌ಲೆಸ್ ಜಾಲಗಳಿಗೆ ಆ ಪದಗಳನ್ನು ಗೊತ್ತುಮಾಡಿದ್ದು 1997ರಲ್ಲಿ ಮೊದಲು ಹೊರಬಂದ ಐಇಇಇ 802.11 ಮಾನಕ. ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರಿನಲ್ಲಿ ಸ್ಟೇಷನ್ ಎಂದರೆ ರೈಲು ನಿಲ್ಲುವ ಜಾಗ. ಈ ಮಾನಕದಲ್ಲಿ ಜೇಬಿನ ಫೋನೂ ಸ್ಟೇಷನ್. ಆಕ್ಸೆಸ್ ಪಾಯಿಂಟ್‌ನ ಒಳಗೂ ಒಂದು ಸ್ಟೇಷನ್ ಇರುತ್ತದೆ. ಇದಕ್ಕಿಂತ ಮೋಸದ ಪದ ಅಥೆಂಟಿಕೇಷನ್. ಡಬ್ಲ್ಯೂಪಿಎ2 ಎಂಬ ಭದ್ರತಾ ವ್ಯವಸ್ಥೆ ಇರುವ ಮನೆಯ ಜಾಲಕ್ಕೆ ಫೋನು ಸೇರುವಾಗ ಮೊದಲು ಅಥೆಂಟಿಕೇಷನ್ ನಡೆಯುತ್ತದೆ, ಆಮೇಲೆ ಅಸೋಸಿಯೇಷನ್. ಈ ಮೊದಲ ಹಂತದಲ್ಲಿ ಪಾಸ್‌ವರ್ಡನ್ನು ಯಾರೂ ಕೇಳುವುದೇ ಇಲ್ಲ. ಅದು ಒರೆಗೆ ಹತ್ತುವುದು ಅಸೋಸಿಯೇಷನ್ ಮುಗಿದ ಮೇಲೆ, ನಾಲ್ಕು ಸಂದೇಶಗಳ ಕೈಕುಲುಕಿನಲ್ಲಿ. ನಿಘಂಟಿನ ಅರ್ಥ ನೆಚ್ಚಿ ಬರೆದ ಪ್ರೋಗ್ರಾಂ, ತಪ್ಪು ಪಾಸ್‌ವರ್ಡ್ ಕೊಟ್ಟವನಿಗೂ 'ಗುರುತು ಖಚಿತವಾಗಿದೆ' ಎಂದು ತೋರಿಸಿಬಿಡುತ್ತದೆ.

ಈ ತೊಡಕನ್ನು ಪಾಣಿನಿ ಎಂದೋ ಕಂಡಿದ್ದ. ಅವನ ವ್ಯಾಕರಣ ಗ್ರಂಥವಾದ ಅಷ್ಟಾಧ್ಯಾಯಿಯ ಮೊದಲ ಸೂತ್ರವೇ ಸಂಜ್ಞಾಸೂತ್ರ, ಅಂದರೆ ಹೆಸರಿಡುವ ಸೂತ್ರ: ಆ, ಐ, ಔ ಸ್ವರಗಳಿಗೆ ವೃದ್ಧಿ ಎಂದು ಹೆಸರು. ಶಾಲೆಯಲ್ಲಿ ವೃದ್ಧಿಸಂಧಿ ಬಿಡಿಸುವ ಮಕ್ಕಳು ಅಲ್ಲಿ ಬೆಳವಣಿಗೆಯನ್ನು ಹುಡುಕುವುದಿಲ್ಲ. ವ್ಯಾಕರಣದಲ್ಲಿ ಪದ ತನ್ನ ರೂಪವನ್ನೇ ಸೂಚಿಸುತ್ತದೆ, ಸಂಜ್ಞೆಗಳನ್ನು ಬಿಟ್ಟು, ಎಂಬುದು ಅದೇ ಪಾದದ 68ನೆಯ ಸೂತ್ರದ ತಾತ್ಪರ್ಯ. ಅಗ್ನಿಗೆ ಪ್ರತ್ಯಯ ಹತ್ತಿಸು ಎಂದರೆ ಒಲೆಯ ಕೆಂಡಕ್ಕೆ ಹತ್ತಿಸಲಾಗದು, ಆ ಪದಕ್ಕೇ ಹತ್ತಿಸಬೇಕು. ವೃದ್ಧಿ ಎಂದಾಗ ಮಾತ್ರ ಪದವನ್ನು ದಾಟಿ ಅದು ಹೆಸರಿಸುವ ಸ್ವರಗಳಿಗೆ ಹೋಗಬೇಕು. ಚಿತ್ರದುರ್ಗ ತಾಲ್ಲೂಕಿನ ಸಿರಿಗೆರೆಯ ತರಳಬಾಳು ಮಠದ ಶಿವಮೂರ್ತಿ ಶಿವಾಚಾರ್ಯ ಸ್ವಾಮೀಜಿ ಈ ಸೂತ್ರಗಳನ್ನು 'ಗಣಕಾಷ್ಟಾಧ್ಯಾಯೀ' ಎಂಬ ತಂತ್ರಾಂಶಕ್ಕೆ ಇಳಿಸಿದ್ದಾರೆ. ಕಂಪ್ಯೂಟರಿಗೆ ಪಾಣಿನಿ ಒಗ್ಗಿದ್ದು ಈ ಕಟ್ಟುನಿಟ್ಟಿನಿಂದಲೇ.

ಹಾಗಾಗಿ ಪಾರಿಭಾಷಿಕ ಪದದ ಹುಟ್ಟಿನ ಮಟ್ಟಿಗೆ ನೈಯಾಯಿಕರದೇ ಗೆಲುವು. ಬಳಕೆಯಲ್ಲಿ ಮಾತ್ರ ಪ್ರೋಗ್ರಾಮರ್ ಮೀಮಾಂಸಕನಾಗಿರುವುದೇ ಕ್ಷೇಮ: ಮಾನಕದ ಮುಂದಿನ ಆವೃತ್ತಿ ಬದಲಿಸುವವರೆಗೆ ಅರ್ಥ ನಿತ್ಯವೆಂದೇ ನಡೆಯಬೇಕು. ಬದಲಾವಣೆ ಬರುವುದೂ ಉಂಟು. ಡಬ್ಲ್ಯೂಪಿಎ3ರ ಮನೆಜಾಲದಲ್ಲಿ ಅಥೆಂಟಿಕೇಷನ್ ಹಂತದಲ್ಲೇ ಪಾಸ್‌ವರ್ಡಿನ ಪರೀಕ್ಷೆ ನಡೆಯುತ್ತದೆ.

ಎಲ್ಲರ ಬಾಯಲ್ಲಿರುವ ವೈ-ಫೈ ಮಾತ್ರ ಈ ಪರಿಭಾಷೆಗೆ ಸೇರಿದ್ದಲ್ಲ. 1999ರಲ್ಲಿ ಮಾರುಕಟ್ಟೆಗೆಂದು ಇಂಟರ್‌ಬ್ರಾಂಡ್ ಎಂಬ ಸಂಸ್ಥೆ ಹೊಸೆದುಕೊಟ್ಟ ಹೆಸರು ಅದು.