ದುಡಿಯುವವನಿಗೆ ಮಾಸಾಶನವೇಕೆ?

ಅಂಗವಿಕಲರ ಮಾಸಾಶನ ಪಡೆಯುವವನು ದುಡಿದರೆ ತಪ್ಪೇ? ಹಡಗಲಿ ಸೀಮೆಯ ಹೊಳಲಿನಂಥ ಊರುಗಳಲ್ಲಿ ಈ ಪ್ರಶ್ನೆ ಪುಸ್ತಕದಿಂದ ಹುಟ್ಟುವುದಿಲ್ಲ. ಕಾಲು ಊನವಾದವನು ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದನ್ನು ಕಂಡಾಗ, ಕಣ್ಣು ಕಾಣದ ಹೆಣ್ಣುಮಗಳು ಮಲ್ಲಿಗೆ ಕಟ್ಟುವುದನ್ನು ಕಂಡಾಗ, ಕಟ್ಟೆಯ ಮೇಲಿನವರ ಬಾಯಿಂದ ಹೊರಡುತ್ತದೆ: "ಪಗಾರನೂ ತಗೋತಾರ, ದುಡಿಮಿನೂ ಮಾಡ್ತಾರ, ಇವರಿಗೇನ್ ಕಡಿಮಿ ಆಗೇತಿ?"

'ಪಗಾರ' ಎಂಬ ಮಾತನ್ನು ಗಮನಿಸಬೇಕು. ಪಗಾರ ಎಂದರೆ ಮಾಡಿದ ಕೆಲಸಕ್ಕೆ ಸಿಗುವ ಹಣ. ಮಾಸಾಶನವನ್ನು ಪಗಾರ ಎಂದು ಕರೆದಾಗ, ಅದು ಸುಮ್ಮನೆ ಕೂರುವುದಕ್ಕೆ ಕೊಡುವ ಕೂಲಿ ಎಂದು ನಾವು ತಿಳಿದಂತಾಯಿತು. ಕೂರದೆ ಎದ್ದವನು ನಮಗೆ ಮೋಸಗಾರನಂತೆ ಕಾಣುವುದು ಅದಕ್ಕೇ.

ಈ ಹಣವಾದರೂ ಎಷ್ಟು? 2021ರ ಜುಲೈನಲ್ಲಿ ರಾಜ್ಯ ಸರ್ಕಾರ ಶೇಕಡಾ 40ರಿಂದ 75ರವರೆಗಿನ ವೈಕಲ್ಯವುಳ್ಳವರ ಮಾಸಾಶನವನ್ನು 600 ರೂಪಾಯಿಯಿಂದ 800ಕ್ಕೆ ಏರಿಸಿತು. ದಿನಕ್ಕೆ 27 ರೂಪಾಯಿಯೂ ಬೀಳುವುದಿಲ್ಲ. ಕೇಂದ್ರ ಸರ್ಕಾರ 2009ರಲ್ಲಿ ಆರಂಭಿಸಿದ ಯೋಜನೆಯಲ್ಲಿ ತಿಂಗಳಿಗೆ 200 ರೂಪಾಯಿ ಇತ್ತು, 2012ರಲ್ಲಿ 300 ಆಯಿತು. ಅದೂ ಬಡತನ ರೇಖೆಯ ಕೆಳಗಿದ್ದು, ಶೇಕಡಾ 80ಕ್ಕೆ ಕಡಿಮೆಯಿಲ್ಲದ ವೈಕಲ್ಯ ಇದ್ದವರಿಗೆ. ಇಷ್ಟನ್ನು ಕೊಟ್ಟು, ದುಡಿಯಬೇಡ ಎನ್ನುವುದು ಹಸಿದಿರು ಎಂದಂತೆ.

ಅಂಗವಿಕಲನಿಗೆ ಆಗುವ ನಷ್ಟ ಎರಡು ಬಗೆಯದು ಎಂದು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ವಿವರಿಸಿದ್ದಾರೆ. ಒಂದು, ಗಳಿಕೆ ಕಡಿಮೆಯಾಗುವುದು. ಇನ್ನೊಂದು, ಗಳಿಸಿದ ಅದೇ ರೂಪಾಯಿಯಿಂದ ಉಳಿದವರಿಗೆ ಸಿಗುವಷ್ಟು ಬದುಕು ಸಿಗದಿರುವುದು. ಹೊಳಲಿನಿಂದ ಹಡಗಲಿಗೆ ಹೋಗಿಬರಲು ನಮಗೆ ಬಸ್ಸಿನ ಚಾರ್ಜು ಸಾಕು. ನಡೆಯಲಾಗದವನಿಗೆ ಬಸ್ ನಿಲ್ದಾಣದವರೆಗೆ ಆಟೋ ಬೇಕು, ಜೊತೆಗೊಬ್ಬರು ಬೇಕು, ಆ ಒಬ್ಬರ ಅಂದಿನ ಕೂಲಿಯೂ ಹೋಗುತ್ತದೆ. ದುಡಿದರೆ ಮೊದಲ ನಷ್ಟ ಸ್ವಲ್ಪ ತುಂಬಬಹುದು. ಎರಡನೆಯದು ಹಾಗೆಯೇ ಉಳಿಯುತ್ತದೆ. ಮಾಸಾಶನ ಆ ಎರಡನೆಯ ನಷ್ಟಕ್ಕೂ ಸೇರಿದ್ದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಇದನ್ನು ಅರಿತಿದೆ. ಇತರರಿಗೆ ಇರುವ ಇಂಥದೇ ಯೋಜನೆಗಳಿಗಿಂತ ಅಂಗವಿಕಲರ ನೆರವು ಕನಿಷ್ಠ ಶೇಕಡಾ 25ರಷ್ಟು ಹೆಚ್ಚಿರಬೇಕು ಎಂದು ಅದು ಹೇಳುತ್ತದೆ. ಆದರೆ ಅದೇ ಕಲಮು ಮಾಸಾಶನಕ್ಕೆ ಆದಾಯದ ಮಿತಿಯನ್ನೂ ಒಪ್ಪಿಕೊಂಡಿದೆ.

ನಮ್ಮ ಮೊಹಲ್ಲಾಗಳಲ್ಲಿ ಈ ಮಾತು ಬಂದಾಗ ಒಂದು ಹದೀಸನ್ನು ನೆನಪಿಸುವವರುಂಟು. ಬೇಡಲು ಬಂದ ಅನ್ಸಾರಿಯೊಬ್ಬರ ಮನೆಯ ಬಟ್ಟೆ, ಬಟ್ಟಲುಗಳನ್ನು ಪ್ರವಾದಿವರ್ಯರು(ಸ) ಎರಡು ದಿರ್ಹಮಿಗೆ ಮಾರಿಸಿ, ಒಂದರಿಂದ ಮನೆಗೆ ಅನ್ನ, ಇನ್ನೊಂದರಿಂದ ಕೊಡಲಿ ಕೊಳ್ಳಿಸಿ, ಕಟ್ಟಿಗೆ ಕಡಿಯಲು ಕಳಿಸಿದ ಪ್ರಸಂಗ ಅದು. ಆದರೆ ಕೊಡಲಿ ಎತ್ತಬಲ್ಲ ಮೈಯಿದ್ದವರಿಗೆ ಹೇಳಿದ್ದನ್ನು ಮಾಜೂರರ ಮೇಲೆ ಹೇರುವುದು ನ್ಯಾಯವಲ್ಲ. ಕೊಡಲಿಗೆ ಕಾವು ಹಾಕಿಕೊಟ್ಟ ಕೈ ಪ್ರವಾದಿಯವರದೇ ಎಂಬುದನ್ನೂ ಮರೆಯಬಾರದು.

ಸೂರಾ ಕಹ್ಫ್‌ನಲ್ಲಿ ಬರುವ ಹಡಗಿನ ಕಥೆ ನಮ್ಮ ಪ್ರಶ್ನೆಗೆ ಇನ್ನೂ ಹತ್ತಿರ. ಆ ಹಡಗು ಸಮುದ್ರದಲ್ಲಿ ದುಡಿಯುತ್ತಿದ್ದ ಮಿಸ್ಕೀನರದು. ಹಡಗೂ ಇತ್ತು, ದುಡಿಮೆಯೂ ಇತ್ತು, ಆದರೂ ಕುರ್‌ಆನ್ ಅವರನ್ನು ಮಿಸ್ಕೀನರೆಂದೇ ಕರೆಯಿತು. ಜಕಾತಿನ ಎಂಟು ಬಾಬುಗಳಲ್ಲಿ ಮಿಸ್ಕೀನರೂ ಸೇರಿದ್ದಾರೆ. ದುಡಿದರೂ ಸಾಲದವನಿಗೆ ಅದರಲ್ಲಿ ಹಕ್ಕಿದೆ ಎನ್ನಲು ಫಿಕಹ್ ಪಂಡಿತರು ಈ ಆಯತ್ತನ್ನೇ ಆಧಾರವಾಗಿ ಹಿಡಿದರು. ಅದೇ ಕಥೆಯಲ್ಲಿ ಒಬ್ಬ ರಾಜನಿದ್ದಾನೆ. ಸುಸ್ಥಿತಿಯ ಹಡಗುಗಳನ್ನೆಲ್ಲ ಅವನು ಕಿತ್ತುಕೊಳ್ಳುತ್ತಿದ್ದ. ಹಜ್ರತ್ ಖಿಜರ್ ಅದಕ್ಕೆ ಊನ ಮಾಡಿದ್ದರಿಂದಲೇ ಬಡವರ ಹಡಗು ಉಳಿಯಿತು. ಊನವನ್ನು ತೋರಿಸಿದರೆ ಮಾತ್ರ ಬದುಕು ಉಳಿಯುತ್ತದೆ ಎಂಬ ಸ್ಥಿತಿಯನ್ನು ಇಂದಿನ ಆಡಳಿತವೂ ತರಬಾರದು.

ಹಾಗಾದರೆ ಸುಳ್ಳು ಹೇಳಬಹುದೇ? ಇಲ್ಲ. ಸುಳ್ಳು ಸರ್ಟಿಫಿಕೇಟು ಮಾಡಿಸಿದವನು ಮಾಜೂರರ ಪಾಲು ಕದ್ದವನು, ಅವನು ದುಡಿಯಲಿ ಬಿಡಲಿ. ಗಳಿಕೆಯನ್ನು ಮುಚ್ಚಿಡುವ ದರ್ಜಿಯದೂ ಸುಳ್ಳೇ, ಅದನ್ನು ನಾವು ಹಲಾಲ್ ಎನ್ನಲಾರೆವು. ಆದರೆ ಅವನ ಭಯವೂ ಸುಳ್ಳಲ್ಲ. ಹಬ್ಬ, ಮದುವೆಗಳ ಕಾಲಕ್ಕೆ ಕೈತುಂಬ ಹೊಲಿಗೆ, ಮಳೆಗಾಲಕ್ಕೆ ಖಾಲಿ. ಒಮ್ಮೆ ನಿಂತ ಮಾಸಾಶನವನ್ನು ಮತ್ತೆ ಹಚ್ಚಿಸಲು ನಾಡಕಚೇರಿಗೆ ಎಷ್ಟು ಸಲ ಅಲೆಯಬೇಕೋ! ನಿಜ ಹೇಳಿದವನಿಗೆ ನಷ್ಟ, ಮುಚ್ಚಿಟ್ಟವನಿಗೆ ಲಾಭ ಎಂಬ ನಿಯಮ ಮಾಡಿದವರೂ ಆ ಸುಳ್ಳಿನಲ್ಲಿ ಪಾಲುದಾರರು.

ಬ್ರಿಟನ್ 2013ರಲ್ಲಿ ತಂದ ವೈಯಕ್ತಿಕ ಸ್ವಾವಲಂಬನೆ ಭತ್ಯೆ ದುಡಿಯುವವರಿಗೂ ಸಿಗುತ್ತದೆ, ಆದಾಯವನ್ನು ಕೇಳುವುದಿಲ್ಲ. ಅಮೆರಿಕದ ಅಂಗವಿಕಲ ವಿಮೆಯಲ್ಲಿ 2025ರಲ್ಲಿ, ಅಂಧರಲ್ಲದವರು ತಿಂಗಳಿಗೆ 1620 ಡಾಲರ್ ಮೀರಿ ಗಳಿಸಿದರೆ ದುಡಿಯಬಲ್ಲವರೆಂದೇ ಲೆಕ್ಕ. ಮೊದಲನೆಯದು ಖರ್ಚನ್ನು ನೋಡುತ್ತದೆ, ಎರಡನೆಯದು ಗಳಿಕೆಯನ್ನು. ನಾವು ಮೊದಲನೆಯದರ ಕಡೆ ಸಾಗಬೇಕು. ಗಳಿಕೆ ಏರಿದರೆ ಮಾಸಾಶನ ಒಮ್ಮೆಲೇ ನಿಲ್ಲದೆ ಮೆಲ್ಲಗೆ ಇಳಿಯಲಿ, ಕೆಲಸ ಹೋದ ತಿಂಗಳೇ ಅಲೆದಾಟವಿಲ್ಲದೆ ಮತ್ತೆ ಬರಲಿ.

ಸರ್ಕಾರ ಮಾಡುವವರೆಗೆ ನಾವೂ ಕಾಯಬೇಕಿಲ್ಲ. ನಮ್ಮ ಬೈತುಲ್‌ಮಾಲ್ ಕಮಿಟಿಗಳು ಯಂತ್ರ ಕೊಡಿಸಿದ ದಿನವೇ ಪಟ್ಟಿಯಿಂದ ಹೆಸರು ಹೊಡೆಯುವುದನ್ನು ಬಿಡಲಿ. ಕಟ್ಟೆಯ ಮೇಲಿನ ನಾವು ಕೂಡ 'ಇವನಿಗೇನು ಕಡಿಮೆ' ಎಂದು ಕೇಳುವ ಮೊದಲು, ಒಂದು ದಿನ ಕಳೆಯಲು ಅವನಿಗೆ ನಮಗಿಂತ ಎಷ್ಟು ಹೆಚ್ಚು ಬೇಕು ಎಂದು ಕೇಳಿಕೊಳ್ಳೋಣ.